ದಡದಲ್ಲಿ ಒಬ್ಬರು

ಕಡಲಂಚಿನ ಆ ಊರಿನಲ್ಲಿ, ದಡದಲ್ಲಿ ಒಬ್ಬರು ಕಾಯದೆ ಯಾರೂ ನೀರಿಗೆ ಇಳಿಯುವಂತಿರಲಿಲ್ಲ.

ಇಳಿಯುವವರು ತಮ್ಮ ಒಣ ಬಟ್ಟೆಯನ್ನು ಕಾಯುವವರ ಹೆಗಲಿಗೆ ಹಾಕುತ್ತಿದ್ದರು. ಹೆಗಲಿಗೆ ಬಟ್ಟೆ ಬಿದ್ದ ಮೇಲೆ ಕಾಯುವವರು ಕಡಲಿಗೆ ಬೆನ್ನು ಹಾಕುವಂತಿಲ್ಲ. ಇಳಿದವರು ಎದ್ದು ಬಂದಾಗ "ಬಂದೆಯಾ?" ಎಂದು ಕೇಳಬೇಕು. ಅವರು "ಬಂದೆ" ಅನ್ನಬೇಕು. ಆಮೇಲೆಯೇ ಬಟ್ಟೆ ಅವರ ಕೈಗೆ. ಗಂಡನಿಗೆ ಹೆಂಡತಿ ಕಾಯುತ್ತಿದ್ದಳು, ತಂಗಿಗೆ ಅಣ್ಣ ಕಾಯುತ್ತಿದ್ದ, ಅತ್ತೆಗೆ ಸೊಸೆ ಕಾಯುತ್ತಿದ್ದಳು. ಒಂದು ಹೆಗಲಿಗೆ ಒಂದೇ ಬಟ್ಟೆ. ಬೆಳಗಾದರೆ ಸಾಕು, ಮರಳಿನುದ್ದಕ್ಕೂ ಬಂದೆಯಾ, ಬಂದೆ, ಬಂದೆಯಾ, ಬಂದೆ ಎಂಬ ಮಾತು ತೆರೆಯ ಸದ್ದಿನಲ್ಲಿ ಸೇರಿಹೋಗುತ್ತಿತ್ತು. ಕಾಯುವವರಿದ್ದರೆ ಕಡಲು ಯಾರನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಊರಿನವರು ನಂಬಿದ್ದರು. ಆ ನಂಬಿಕೆಯ ಮೇಲೆಯೇ ಮೀನು ಹಿಡಿದರು, ಮಿಂದರು, ಮಕ್ಕಳಿಗೆ ಈಜು ಕಲಿಸಿದರು.

ಅಂಥ ಊರಿಗೆ ಒಬ್ಬ ಹೆಂಗಸು ಒಬ್ಬಳೇ ಬಂದಳು, ಒಂದು ವಾರ ಇದ್ದು ಹೋಗಲಿಕ್ಕೆ.

ಅವಳು ಬೆಟ್ಟದ ಆಚೆಯವಳು. ಅಣ್ಣನ ಮನೆಯಲ್ಲಿ ಇದ್ದವಳು. ಅಣ್ಣನ ಮಕ್ಕಳನ್ನು ಎತ್ತಿ ಆಡಿಸಿದವಳು, ಹಾಸಿಗೆ ಹಿಡಿದ ತಾಯಿಯ ಮೈ ಒರೆಸಿದವಳು, ಎಲ್ಲರ ಊಟವಾದ ಮೇಲೆ ತಳದ ಅನ್ನಕ್ಕೆ ಸಾರು ಕಲಸಿಕೊಂಡವಳು. ಚಿಕ್ಕವಳಿದ್ದಾಗ ಮನೆಗೆ ಬಂದ ಬಳೆಗಾರನೊಬ್ಬ ಅವಳ ಕೈ ಹಿಡಿದು ಬಳೆ ಏರಿಸುತ್ತಾ, ಕಡಲಿನಲ್ಲಿ ಕುತ್ತಿಗೆವರೆಗೆ ಇಳಿದರೆ ಮೈಗೆ ಭಾರವೇ ಇರುವುದಿಲ್ಲ ಮಗೂ, ಅಂದಿದ್ದ. ಬಳೆ ಎಂದೋ ಒಡೆದುಹೋಗಿತ್ತು. ಆ ಮಾತು ಹಾಗೆಯೇ ಉಳಿದಿತ್ತು. ತಾಯಿ ತೀರಿಕೊಂಡು ಒಂದು ವರ್ಷವಾದ ಮೇಲೆ, ಒಂದು ದಿನ ಕಾಯಿ ತುರಿಯುತ್ತಿದ್ದವಳು ತುರಿಮಣೆಯಿಂದ ಎದ್ದು, "ನಾನೊಂದು ವಾರ ಕಡಲಿಗೆ ಹೋಗಿ ಬರ್ತೀನಿ," ಅಂದಳು.

"ಯಾರ ಜೊತೆ?" ಅಂದ ಅಣ್ಣ.

"ಒಬ್ಬಳೇ."

"ಒಬ್ಬಳೇ ಹೋಗಿ ಅಲ್ಲಿ ಏನು ಮಾಡ್ತೀಯ?" ಅತ್ತಿಗೆ ನಕ್ಕಳು. ಕೆಟ್ಟ ನಗೆಯಲ್ಲ. ನಿಜವಾಗಿಯೂ ತಿಳಿಯದೆ ನಕ್ಕದ್ದು.

ಹೇಳಲು ಅವಳ ಬಳಿ ಉತ್ತರವಿತ್ತು. ಹೇಳಿದರೆ ಅದು ಬಾಯಲ್ಲೇ ಸಣ್ಣದಾಗಿಬಿಡುತ್ತದೆ ಅನಿಸಿ ಹೇಳಲಿಲ್ಲ. ಎರಡು ಸೀರೆ, ಒಂದು ಹೊಸ ಬಿಳಿ ಹತ್ತಿಯ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಂದುಬಿಟ್ಟಳು.

ಬಾಡಿಗೆಗೆ ಕೋಣೆ ಕೊಡುವ ಬಿಡಾರದವಳು ಅವಳ ಚೀಲ ಇಸಿದುಕೊಂಡು, ಅವಳ ಬೆನ್ನ ಹಿಂದಿನ ದಾರಿಯನ್ನು ಒಮ್ಮೆ ನೋಡಿದಳು. ಇನ್ನೂ ಯಾರೋ ಬರುತ್ತಾರೆ ಎಂಬಂತೆ ನೋಡಿದಳು. ಯಾರೂ ಬರಲಿಲ್ಲ. "ಹಾಗಾದರೆ ಒಂದೇ ಚಾಪೆ," ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಹತ್ತಿಯ ಬಟ್ಟೆ ಹಿಡಿದು ದಡಕ್ಕೆ ಬಂದಳು. ಕಡಲನ್ನು ಕಂಡದ್ದೇ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಮರಳಿನವರೆಗೆ ಓಡಿದಳು. ಅಲ್ಲಿ ಒಂದು ಕೋಲು ಅಡ್ಡ ಬಂತು. ಕೋಲು ಹಿಡಿದವನು ಊರಿನ ಹಿರಿಯ.

"ನಿಮಗೆ ಕಾಯುವವರು ಯಾರು?"

"ಯಾರೂ ಇಲ್ಲ. ನಾನು ಒಬ್ಬಳೇ ಬಂದಿದ್ದೇನೆ."

"ಹಾಗಾದರೆ ನೋಡಿ. ನೋಡಲಿಕ್ಕೆ ಅಡ್ಡಿಯಿಲ್ಲ." ಹಿರಿಯನ ದನಿ ಮೆತ್ತಗಿತ್ತು. "ನೀರಿನಲ್ಲಿ ಇರುವವರಿಗೆ ತಿರುಗಿ ನೋಡಲು ಒಂದು ಮುಖ ಬೇಕಮ್ಮಾ. ಇಲ್ಲದಿದ್ದರೆ ಯಾವ ಕಡೆ ದಡ, ಯಾವ ಕಡೆ ಕಡಲು, ತಿಳಿಯುವುದಿಲ್ಲ."

ಅವಳು ಮರಳಿನಲ್ಲಿ ಕೂತು ನೋಡಿದಳು. ತೆರೆ ಅವಳ ಕಾಲ ಬೆರಳಿನ ಹತ್ತಿರಕ್ಕೆ ಬಂದು ಮುಟ್ಟದೆ ಹೋಗುತ್ತಿತ್ತು. ಬಂದೆಯಾ, ಬಂದೆ. ಸುತ್ತ ಎಲ್ಲರೂ ಒದ್ದೆಯಾಗುತ್ತಿದ್ದರು. ಅವಳ ಮಡಿಲಿನಲ್ಲಿ ಹತ್ತಿಯ ಬಟ್ಟೆ ಒಣಗಿಯೇ ಇತ್ತು. ಮಧ್ಯಾಹ್ನ ಬಿಡಾರದವಳನ್ನು ಕೇಳಿದಳು, ಒಂದು ಗಳಿಗೆ ನನಗೆ ಕಾಯುತ್ತೀರಾ ಎಂದು. ಬಿಡಾರದವಳು ನಿಜವಾಗಿಯೂ ನೊಂದುಕೊಂಡಳು. "ನನ್ನ ಹೆಗಲು ಮಗಳದು. ಅವಳು ದಿನಾ ಚಿಪ್ಪು ಆರಿಸಲು ನೀರಿಗೆ ಇಳೀತಾಳೆ. ಅವಳ ಬಟ್ಟೆ ಇಳಿಸಿ ನಿಮ್ಮದು ಹಾಕಿಕೊಂಡರೆ ನಾಳೆ ಅವಳು ಇಳಿಯುವಾಗ ನನ್ನ ಕೈಕಾಲು ನಡುಗ್ತದೆ."

ಮಾರನೆಯ ದಿನವೂ ಅವಳು ನೋಡಿದಳು, ಅದರ ಮಾರನೆಯ ದಿನವೂ. ಕಡಲು ಕಣ್ಣ ಮುಂದೆ ಇದ್ದೂ ಬಳೆಗಾರನ ಮಾತಿನಲ್ಲಿ ಇದ್ದದ್ದಕ್ಕಿಂತ ದೂರವಾಯಿತು. ರೆಪ್ಪೆ ಮುಚ್ಚಿದರೆ ಮೈಯೊಳಗೇ ತೆರೆ ಏಳುತ್ತಿತ್ತು. ಅವಳು ಹೀಗೆ ಕೂತದ್ದನ್ನು ಒಬ್ಬ ನೋಡುತ್ತಿದ್ದ. ಅವನು ಉಪ್ಪಿನವನು. ದಡದ ಹಿಂದಿನ ಗದ್ದೆಗಳಲ್ಲಿ ಕಡಲ ನೀರು ಕಟ್ಟಿ, ಒಣಗಿಸಿ, ಉಪ್ಪು ಎಳೆಯುವವನು. ಅವನ ಅಂಗೈ ಬಿಳಿಯಾಗಿ ಬಿರಿದಿತ್ತು. ಅವನು ಬುಟ್ಟಿ ಇಳಿಸಿ, ಅವಳಿಂದ ಸ್ವಲ್ಪ ದೂರದಲ್ಲೇ ನಿಂತು ಮಾತಾಡಿದ.

"ನನ್ನ ಹೆಗಲು ಖಾಲಿ ಇದೆ. ಹೆಂಡತಿ ತೀರಿಕೊಂಡ ಮೇಲೆ ಉಪ್ಪಿನ ಬುಟ್ಟಿ ಬಿಟ್ಟು ಏನನ್ನೂ ಹೊತ್ತಿಲ್ಲ. ನಿಮ್ಮ ಬಟ್ಟೆ ನಾನು ಹೊರುತ್ತೇನೆ."

ಅವಳು ಥಟ್ಟನೆ ಎದ್ದಳು.

"ಮೊದಲೇ ಹೇಳಿಬಿಡ್ತೇನೆ, ಆಮೇಲೆ ಮೋಸ ಅನ್ನಬಾರದು," ಅಂದ ಅವನು. "ಒಂದು ಸಲ ಹೊತ್ತರೆ ನಾನು ದಿನಾ ಹೊರುವವನು. ನೀವು ಈ ಊರಲ್ಲೇ ಉಳಿಯಬೇಕಾಗ್ತದೆ. ನನ್ನ ಮನೆಯಲ್ಲಿ."

ಅವನು ಒಳ್ಳೆಯವನು. ಅದು ಅವಳಿಗೆ ಕಂಡಿತು. ಸಂಜೆ ಬಾಗಿಲಲ್ಲಿ ನಿಂತು, ಯಾಕೆ ಇಷ್ಟು ತಡ ಎಂದು ಕೇಳುವ ದನಿಯೊಂದು ತನಗೂ ಇರಬಹುದು ಅನಿಸಿತು. ಆ ದನಿಗೆ ಅಡಿಗೆ ಮಾಡಿ ಕಾಯುವ ತನ್ನನ್ನೂ ಅವಳು ಕಂಡಳು. ಆ ಹೆಂಗಸನ್ನು ಅವಳು ಬಲ್ಲಳು. ಅವಳನ್ನು ಬಿಟ್ಟೇ ಬಸ್ಸು ಹತ್ತಿದ್ದಳು.

"ನನಗೆ ಬೇಕಾದದ್ದು ಒಂದು ಸಲ ಮಾತ್ರ," ಅಂದಳು.

"ಒಂದು ಸಲ ಕಾಯೋದು ನನಗೆ ಬರುವುದಿಲ್ಲ." ಅವನು ಬುಟ್ಟಿ ಎತ್ತಿಕೊಂಡು ನಡೆದ. ಉಪ್ಪಿನ ಗದ್ದೆಗಳ ಬಿಳುಪಿನಲ್ಲಿ ಅವನ ಬೆನ್ನು ಕರಗುವವರೆಗೂ ಅವಳು ಅದನ್ನೇ ನೋಡುತ್ತಾ ನಿಂತಳು.

ದಡದ ಕೊನೆಯಲ್ಲಿ ಗಾಳಿಮರವೊಂದಿತ್ತು. ಅದರ ಬುಡದಲ್ಲಿ ತೆಂಗಿನ ಗರಿಯ ಮಾಡು, ಮಾಡಿನ ಕೆಳಗೆ ಒಬ್ಬ ಮುದುಕಿ. ಊರಿನವರು ಅವಳನ್ನು ಕಾಯುವವಳು ಎಂದೇ ಕರೆಯುತ್ತಿದ್ದರು. ಅವಳ ಗಂಡ ಎಷ್ಟೋ ವರ್ಷದ ಹಿಂದೆ ನೀರಿಗೆ ಇಳಿದವನು ಇನ್ನೂ ಬಂದಿರಲಿಲ್ಲ. ಅವನ ಬಟ್ಟೆ ಅವಳ ಹೆಗಲ ಮೇಲೆಯೇ ಇತ್ತು, ಬಣ್ಣ ಯಾವುದೆಂದು ತಿಳಿಯದಷ್ಟು ಹಳತಾಗಿ. ಅವಳು ಕೂತೇ ಉಣ್ಣುತ್ತಿದ್ದಳು, ಮರಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು, ಮುಖ ಮಾತ್ರ ಕಡಲಿಗೆ. ಊರು ಸರದಿಯಂತೆ ಅವಳಿಗೆ ಗಂಜಿ ತರುತ್ತಿತ್ತು. ಹೊಸದಾಗಿ ಮದುವೆಯಾದವರನ್ನು ಕರೆತಂದು ಅವಳ ಕಾಲು ಮುಟ್ಟಿಸುತ್ತಿದ್ದರು. ಕಾಯುವುದೆಂದರೆ ಹೀಗೆ, ನೋಡಿ ಕಲಿಯಿರಿ, ಎನ್ನುತ್ತಿದ್ದರು.

ಬಂದವಳು ಆ ಕಡೆಗೆ ನಡೆದಳು. ಮುದುಕಿ ತಿರುಗಿ ನೋಡಲಿಲ್ಲ.

"ಒಬ್ಬಳೇ ಬಂದವಳು ನೀನೇ ಅಲ್ಲವಾ?"

"ಹೌದು ಅಕ್ಕಾ."

"ಕೂತುಕೋ. ನನ್ನ ಮುಂದೆ ಮಾತ್ರ ಕೂರಬೇಡ, ಕಡಲು ಮರೆಯಾಗ್ತದೆ."

ಅವಳು ಪಕ್ಕದಲ್ಲಿ ಕೂತಳು. ಒಬ್ಬಳಿಗೆ ಕಡಲಿಗೆ ಇಳಿಯುವ ಆಸೆ, ಇನ್ನೊಬ್ಬಳಿಗೆ ಅದರಿಂದ ಕಣ್ಣು ತೆಗೆಯುವ ಆಸೆ. ಹಾಗೆಂದು ಇಬ್ಬರೂ ಹೇಳಿಕೊಳ್ಳಲಿಲ್ಲ. ಅಂದಿನಿಂದ ಬಂದವಳು ದಿನವಿಡೀ ಅಲ್ಲಿಯೇ ಇರತೊಡಗಿದಳು. ಮುದುಕಿಯ ಗಂಟುಗಟ್ಟಿದ ಕೂದಲಿಗೆ ಎಣ್ಣೆ ಹಾಕಿ ಸಿಕ್ಕು ಬಿಡಿಸಿದಳು. ತಲೆ ಅಲುಗಿದಾಗಲೆಲ್ಲ ಮುದುಕಿಯ ಕಣ್ಣು ಮಾತ್ರ ದಿಗಂತದಲ್ಲಿಯೇ ನಿಂತಿರುತ್ತಿತ್ತು.

"ನನ್ನ ಬೆನ್ನ ಹಿಂದೆ ಏನೇನಿದೆ ಹೇಳು ತಂಗಿ," ಅಂದಳು ಒಮ್ಮೆ. "ಊರಿನ ಕಡೆ ನೋಡದೆ ಎಷ್ಟೋ ಕಾಲವಾಯಿತು. ನನ್ನ ಮನೆ ಇದೆಯಾ?"

ಬಂದವಳು ಹೋಗಿ ನೋಡಿ ಬಂದಳು. "ಇದೆ ಅಕ್ಕಾ. ಹೆಂಚು ಎರಡು ಕಡೆ ಜಾರಿದೆ. ಹಿತ್ತಲಲ್ಲಿ ನುಗ್ಗೆ ಮರ ಮನೆಗಿಂತ ಎತ್ತರ ಬೆಳೆದಿದೆ, ಕಾಯಿ ಜೋತಾಡ್ತಾ ಇದೆ."

"ನಾನು ಕಡ್ಡಿ ನೆಟ್ಟಿದ್ದೆ," ಅಂದಳು ಮುದುಕಿ. ಬಂದವಳು ಆ ಮನೆಯ ಜಗುಲಿ ಗುಡಿಸಿ, ಒಳಗೆ ನೀರು ಚಿಮುಕಿಸಿ ಬಂದದ್ದನ್ನು ಹೇಳಲಿಲ್ಲ.

ವಾರ ಮುಗಿಯುತ್ತಾ ಬಂತು. ಬಿಸಿಲು ಇಳಿಯುವ ಹೊತ್ತಿನಲ್ಲಿ ಬಂದವಳು ಕೇಳಿದಳು, "ಅವರು ಹೇಗೆ ಹೋದರು ಅಕ್ಕಾ?"

"ನಾನು ನೋಡ್ತಾ ಇದ್ದೆ," ಅಂದಳು ಮುದುಕಿ. "ತಲೆ ಕಾಣ್ತಿತ್ತು. ಒಂದು ತೆರೆ ಬಂತು. ತಲೆ ಕಂಡಿತು. ಇನ್ನೊಂದು ತೆರೆ ಬಂತು. ಕಾಣಲಿಲ್ಲ. ನಾನು ಬೆನ್ನು ಹಾಕಿರಲಿಲ್ಲ ತಂಗಿ. ರೆಪ್ಪೆ ಕೂಡ ಬಡಿದಿರಲಿಲ್ಲ. ಊರಿನವರೆಲ್ಲ ಓಡಿ ಬಂದರು. ಹಿರಿಯರು ಅಂದರು, ಕಾಯುವವಳು ಇರುವಾಗ ಕಡಲು ಇಟ್ಟುಕೊಳ್ಳುವುದು ಅಂತ ಇಲ್ಲ. ಅವನು ಇನ್ನೂ ಬಂದಿಲ್ಲ, ಅಷ್ಟೆ. ಕಾಯ್ತಾ ಇರು, ಅಂದರು. ಕೂತೆ."

"ಬರುತ್ತಾರೆ ಅಂತ ನೀವು ನಂಬಿದ್ದೀರಾ?"

"ಆ ವರ್ಷದ ಮಳೆಗಾಲ ಮುಗಿಯುವವರೆಗೆ ನಂಬಿದ್ದೆ."

ಬಂದವಳು ಬೆಚ್ಚಿ ಅವಳ ಮುಖ ನೋಡಿದಳು. "ಮತ್ತೆ ಯಾಕೆ ಇನ್ನೂ ಕೂತಿದ್ದೀರಿ?"

ಮುದುಕಿ ಗಲ್ಲ ಎತ್ತಿ ನೀರಿನತ್ತ ತೋರಿಸಿದಳು. ಅಲ್ಲಿ ಊರಿನ ಹೆಂಗಸರು ಮೀಯುತ್ತಿದ್ದರು, ಮಕ್ಕಳು ಕೂಗಾಡುತ್ತಿದ್ದರು, ಗಂಡಸರು ಬಲೆ ಎಳೆಯುತ್ತಿದ್ದರು. "ನಾನು ಎದ್ದರೆ ಇವರೆಲ್ಲ ಹೇಗೆ ನೀರಿಗೆ ಇಳೀತಾರೆ?"

ತೆರೆಗಳು ಬಂದವು, ಹೋದವು. ಬಂದವಳ ಮಡಿಲಿನ ಬಟ್ಟೆಯನ್ನು ಮುದುಕಿ ನೋಡದೆಯೇ ಮುಟ್ಟಿದಳು.

"ನೀನು ನನ್ನ ಹೆಗಲು ಕೇಳಲಿಕ್ಕೆ ಬಂದವಳು. ಮೊದಲ ದಿನವೇ ಗೊತ್ತಾಯಿತು. ಕೇಳು."

"ಬೇಡ ಅಕ್ಕಾ."

"ಕೇಳು."

"ಕೇಳಿದರೆ ನೀವು ಅವರನ್ನು ಹೆಗಲಿಂದ ಇಳಿಸಬೇಕಾಗ್ತದೆ." ಅವಳು ಮಡಿಲಿನ ಬಟ್ಟೆಯನ್ನು ಮತ್ತೆ ಮಡಿಸಿದಳು. "ನಾಳೆ ಒಂದು ದಿನ ಇರ್ತೀನಿ. ನಾಡಿದ್ದು ಬೆಳಿಗ್ಗೆ ಬಸ್ಸು. ನೋಡಿದ್ದೇ ಸಾಕು ನನಗೆ."

ಸಾಕಾಗಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಒದ್ದೆ ಮರಳಿನ ಅಂಚಿಗೆ ಹೋಗಿ ನಿಂತಳು. ಮೊಣಕಾಲವರೆಗಾದರೂ ಇಳಿಯಲೇ ಅನಿಸಿತು. ಹಿರಿಯ ಅತ್ತ ಕಡೆ ಯಾರೊಡನೆಯೋ ಮಾತಾಡುತ್ತಿದ್ದ. ಒಂದು ಹೆಜ್ಜೆ ಇಟ್ಟರೆ ಆಗುತ್ತಿತ್ತು. ಅವಳು ಹಿಂದೆ ನೋಡಿದಳು. ದಡದ ತುಂಬ ಹೆಗಲುಗಳಿದ್ದವು, ಒಂದರ ಮೇಲೂ ತನ್ನ ಬಟ್ಟೆ ಇರಲಿಲ್ಲ. ಕಾಲು ಏಳಲಿಲ್ಲ.

ಆಗ ದಡದ ಮಾತೆಲ್ಲ ಒಮ್ಮೆಗೇ ನಿಂತಿತು.

ಗಾಳಿಮರದ ಕಡೆಯಿಂದ ಮುದುಕಿ ನಡೆದು ಬರುತ್ತಿದ್ದಳು. ನಡಿಗೆ ಮರೆತ ಕಾಲುಗಳು. ಎರಡು ಹೆಜ್ಜೆಗೊಮ್ಮೆ ನಿಂತು, ಮೊಣಕಾಲಿಗೆ ಕೈ ಕೊಟ್ಟು, ಮತ್ತೆ ನಡೆದಳು. ಹಿರಿಯ ಓಡಿಹೋಗಿ ಎದುರು ನಿಂತ.

"ತಾಯಿ, ಎಲ್ಲಿಗೆ? ಏನು ಬೇಕಿತ್ತು ಹೇಳಿದ್ದರೆ ಅಲ್ಲಿಗೇ ತರುತ್ತಿದ್ದೆವು."

"ಇವಳಿಗೆ ಕಾಯಲಿಕ್ಕೆ ಬಂದೆ."

"ನಿಮ್ಮ ಹೆಗಲ ಮೇಲೆ ಬಟ್ಟೆ ಇದೆಯಲ್ಲ!"

ಮುದುಕಿ ಹೆಗಲ ಬಟ್ಟೆಯನ್ನು ಎರಡೂ ಕೈಯಲ್ಲಿ ಇಳಿಸಿ ಮರಳಿನ ಮೇಲೆ ಇಟ್ಟಳು. ಅದು ಇದ್ದ ಜಾಗದಲ್ಲಿ ಚರ್ಮ ಎಳೆ ಮಗುವಿನದರಂತೆ ಬೆಳ್ಳಗಿತ್ತು. ಹೆಂಡತಿ ಗಂಡನ ಹೆಸರು ಬಾಯಿಗೆ ತರದ ಊರು ಅದು. ಆದರೂ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು, "ಬೊಮ್ಮಯ್ಯ ಬರುವುದಿಲ್ಲ."

"ಹಾಗೆನ್ನಬೇಡಿ," ಅಂದ ಹಿರಿಯ. "ಹಾಗಂದರೆ ನಾವು ಇಷ್ಟು ಜನ ಕಾಯುವುದಕ್ಕೆ ಏನು ಅರ್ಥ?"

"ನಾನು ಕಾದದ್ದು ಸುಳ್ಳಲ್ಲ," ಅಂದಳು ಮುದುಕಿ. "ಆದರೆ ಅದು ಹಗ್ಗ ಅಲ್ಲ ಮಾರಾಯ, ಎಳೆದು ತರಲಿಕ್ಕೆ. ಅವನಿಗೆ ನನ್ನ ಮುಖ ಕಾಣ್ತಿತ್ತು. ಅಷ್ಟು ಮಾತ್ರ ನನ್ನ ಕೈಯಲ್ಲಿ ಇದ್ದದ್ದು."

ಒಬ್ಬ ಹೆಂಗಸು ಚೀರಿ ನೀರಿನಲ್ಲಿದ್ದ ಗಂಡನನ್ನು ಕರೆದಳು. ಆಮೇಲೆ ಇನ್ನೊಬ್ಬಳು. ದಡದ ಎಲ್ಲ ಬಾಯಿಗಳೂ ಕರೆಯತೊಡಗಿದವು. ಬಿಡಾರದವಳು ಮಗಳ ಹೆಸರು ಹಿಡಿದು ಕೂಗುತ್ತಾ ನೀರಿನ ಅಂಚಿಗೆ ಓಡಿದಳು. ಮೀಯುತ್ತಿದ್ದವರು, ಈಜುತ್ತಿದ್ದವರು, ಬಲೆ ಎಳೆಯುತ್ತಿದ್ದವರು ತಡವರಿಸುತ್ತಾ ಎದ್ದು ಬಂದರು. ಬಂದೆಯಾ ಎಂದು ಕೇಳುವುದನ್ನೂ ಮರೆತು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನೋಡನೋಡುತ್ತಿದ್ದಂತೆ ಕಡಲು ಖಾಲಿಯಾಯಿತು.

ಮುದುಕಿ ಬಂದವಳ ಮುಂದೆ ನಿಂತಳು. ಮೊದಲ ಬಾರಿಗೆ ಅವಳ ಮುಖವನ್ನು ಎದುರಿನಿಂದ ನೋಡಿದಳು. "ಕೇಳಿಸಿಕೊಂಡೆಯಲ್ಲ. ನಾನು ಕಾದರೂ ಕಡಲು ಕಡಲೇ. ಈಗಲೂ ಇಳೀತೀಯಾ?"

ಭಯವಾಗಿತ್ತು. ಆದರೂ ಆಸೆ ಭಯಕ್ಕಿಂತ ಹಳೆಯದು. ಅವಳು ಹತ್ತಿಯ ಬಟ್ಟೆ ಬಿಡಿಸಿ ಮುದುಕಿಯ ಹೆಗಲಿಗೆ ಹಾಕಿದಳು, ಆ ಬೆಳ್ಳನೆಯ ಚರ್ಮದ ಮೇಲೆ. "ಇಳೀತೀನಿ ಅಕ್ಕಾ."

ನೀರು ಮೊದಲು ಕಾಲು ಹಿಡಿಯಿತು, ಆಮೇಲೆ ಮೊಣಕಾಲು, ಸೊಂಟ, ಎದೆ. ಸೀರೆ ಉಬ್ಬಿ ಸುತ್ತ ತೇಲಿತು. ಕುತ್ತಿಗೆವರೆಗೆ ಬಂದಾಗ ಕಾಲ ಕೆಳಗಿನ ಮರಳು ಮೆಲ್ಲನೆ ಜಾರಿತು. ಅವಳು ಈಗ ಯಾವುದರ ಮೇಲೂ ನಿಂತಿರಲಿಲ್ಲ. ಮೈಗೆ ಭಾರವಿರಲಿಲ್ಲ. ತಾಯಿಯನ್ನು ಮಗ್ಗುಲು ಬದಲಿಸಿದ ತೋಳಿಗೆ ಭಾರವಿರಲಿಲ್ಲ, ಕೊಡ ಹೊತ್ತ ಸೊಂಟಕ್ಕೆ ಭಾರವಿರಲಿಲ್ಲ. ಯಾರ ಜೊತೆ ಎಂದು ಕಡಲು ಕೇಳಲಿಲ್ಲ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯದು, ಎಲ್ಲವೂ ಉಪ್ಪಾಗಿತ್ತು. ಇನ್ನೂ ಮುಂದೆ, ಇನ್ನೂ ಸ್ವಲ್ಪ ಮುಂದೆ ಎಂದು ಮೈ ಎಳೆಯುತ್ತಿತ್ತು.

ಅಷ್ಟರಲ್ಲಿ ದೊಡ್ಡ ತೆರೆಯೊಂದು ಎದ್ದು ಅವಳ ಮೇಲೆ ಬಿತ್ತು. ಹಸಿರು ಕತ್ತಲು. ಮೂಗು, ಬಾಯಿ, ಕಿವಿ ತುಂಬಿದವು. ಉರುಳಿ ಮೇಲೆ ಬಂದಾಗ ಸುತ್ತಲೂ ನೀರೇ, ಎಲ್ಲ ಕಡೆಯೂ ಒಂದೇ ಹೊಳಪು. ದಡ ಯಾವ ಕಡೆ? ಕೈಕಾಲು ಬಡಿಯುತ್ತಾ ಒಂದು ಸುತ್ತು ತಿರುಗಿದಳು. ಇನ್ನೊಂದು ಸುತ್ತು ತಿರುಗುವಾಗ ಹೊಳಪಿನ ನಡುವೆ ಒಂದು ಸಣ್ಣ ಆಕಾರ ಕಂಡಿತು. ಹೆಗಲ ಮೇಲೆ ಬಿಳಿ ಬಟ್ಟೆ. ಆ ಆಕಾರ ದಡದಲ್ಲಿ ಇರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಎರಡೂ ಕೈ ಮೇಲೆತ್ತಿತ್ತು.

ಅವಳು ಅತ್ತ ಕಡೆ ಬಡಿದುಕೊಂಡು ಬಂದಳು. ಕಾಲಿಗೆ ನೆಲ ಸಿಕ್ಕಿತು. ಮುದುಕಿ ಅವಳ ರಟ್ಟೆ ಹಿಡಿದಳು. ಅಷ್ಟು ವರ್ಷ ಬಾಯೊಳಗೇ ಇದ್ದ ಮಾತು ಒಡೆದು ಹೊರಬಂತು.

"ಬಂದೆಯಾ?"

"ಬಂದೆ ಅಕ್ಕಾ. ಬಂದೆ."

ಒದ್ದೆಯಾದ ಬಟ್ಟೆಯಿಂದಲೇ ಮುದುಕಿ ಅವಳ ಮುಖ ಒರೆಸಿದಳು. ಒಬ್ಬರಿಗೊಬ್ಬರು ಆನಿಕೊಂಡು ದಡಕ್ಕೆ ಬಂದರು. ಹಿರಿಯ ಮರಳಿನ ಮೇಲೆ ಬಿದ್ದಿದ್ದ ಬೊಮ್ಮಯ್ಯನ ಬಟ್ಟೆಯನ್ನು ಎತ್ತಿ, ಕೊಡವಿ, ಮಡಿಸಿ ನಿಂತಿದ್ದ. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ತನ್ನ ಎದೆಗೇ ಒತ್ತಿಕೊಂಡ.

ಮಾರನೆಯ ಬೆಳಿಗ್ಗೆ ಬಂದವಳು ಚೀಲ ಹಿಡಿದು ಬಿಡಾರದಿಂದ ಹೊರಟಳು. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು, ದಡದ ದಾರಿಯಲ್ಲೇ ನಡೆದಳು. ಇನ್ನು ಯಾರೂ ನೀರಿಗೆ ಇಳಿಯಲಾರರು ಎಂದುಕೊಂಡಿದ್ದಳು. ಇಳಿದಿದ್ದರು. ಮೊದಲಿಗಿಂತ ಕಡಿಮೆ ಜನ, ಮೊದಲಿಗಿಂತ ಕಡಿಮೆ ಸದ್ದು. ಕಾಯುವವರು ಮಾತ್ರ ದಡ ಬಿಟ್ಟು ಮೊಣಕಾಲ ನೀರಿಗೆ ಬಂದು ನಿಂತಿದ್ದರು, ಬಟ್ಟೆಯ ಅಂಚು ಒದ್ದೆಯಾಗುತ್ತಿದ್ದರೂ ಲೆಕ್ಕಿಸದೆ. ಬಿಡಾರದವಳು ಮಗಳ ಕೈಯನ್ನೇ ಹಿಡಿದುಕೊಂಡಿದ್ದಳು.

ಗಾಳಿಮರದ ಕೆಳಗೆ ಯಾರೂ ಇರಲಿಲ್ಲ.

ಅವಳು ನುಗ್ಗೆ ಮರದ ಮನೆಗೆ ಓಡಿದಳು. ಬಾಗಿಲು ಅರ್ಧ ತೆರೆದಿತ್ತು. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮುದುಕಿ ಕಾಲು ಚಾಚಿ, ಕೈ ಚೆಲ್ಲಿ, ಉದ್ದಕ್ಕೆ ಮಲಗಿದ್ದಳು. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಬಿಸಿಲು ಮೈಮೇಲೆ ಬಿದ್ದರೂ ಎಚ್ಚರವಿರಲಿಲ್ಲ.

ಬಂದವಳಿಗೆ ಹೇಳುವುದು ಬಹಳವಿತ್ತು. ಹೋಗಿ ಬರ್ತೀನಿ ಎಂದು ಹೇಳಬೇಕಿತ್ತು. ಆ ಕಣ್ಣು ಒಮ್ಮೆ ತೆರೆದು ತನ್ನನ್ನು ನೋಡಬೇಕು, ದಾರಿಯ ತಿರುವಿನವರೆಗೆ ಬಂದು ತನ್ನನ್ನು ಕಳಿಸಬೇಕು ಎಂಬ ಆಸೆಯಿತ್ತು. ಬಸ್ಸಿನವನು ದೂರದಲ್ಲಿ ಹಾರ್ನ್ ಹೊಡೆದ. ಅವಳು ಹೊಸ್ತಿಲಿನಲ್ಲಿ ಕೂತು, ಆ ಉಸಿರು ಏರುವುದನ್ನೂ ಇಳಿಯುವುದನ್ನೂ ಕೇಳಿದಳು. ಹಾರ್ನ್ ಮತ್ತೆ ಕೇಳಿತು. ಅವಳು ಎದ್ದು, ಬಿಸಿಲು ಮುದುಕಿಯ ಕಣ್ಣಿಗೆ ಬೀಳದ ಹಾಗೆ ಬಾಗಿಲನ್ನು ಸದ್ದಿಲ್ಲದೆ ಮುಂದಕ್ಕೆ ಎಳೆದು, ಎಬ್ಬಿಸದೆ ಹೊರಟಳು.